ಹಳೇ ಫ್ಯಾನು: ಗುಜರಿಗೆ ಹಾಕುವ ಮೊದಲು ಇಷ್ಟು ನೋಡಿ

ನಮ್ಮದು ಮಳೆ ನಂಬಿದ ಎರೆಭೂಮಿ. ತೊಗರಿ, ಕಡಲೆ, ಬಿಳಿಜೋಳ ಬೆಳೆ. ರಾಶಿ ಮಾಡುವಾಗ ಗಾಳಿ ಬೀಸದಿದ್ದರೆ ತೂರುವ ಕೆಲಸ ನಿಂತೇಬಿಡುತ್ತದೆ. ಹಾಗಾಗಿ ಕಣದಲ್ಲಿ ಫ್ಯಾನು ಹಚ್ಚಿ ತೂರುವುದು ನಮ್ಮ ಕಡೆ ರೂಢಿಯಾಗಿದೆ. ರಾಶಿಗೆಂದು ಗುಜರಿಯಿಂದ ಒಂದು ಹಳೇ ಫ್ಯಾನು ತಂದೆ. ಅಲ್ಲಿಂದ ಹತ್ತಿದ ಹುಚ್ಚು, ಈಗ ಒಂಬತ್ತು ಆಗಿವೆ. ಎಲ್ಲವೂ ತಿರುಗುತ್ತವೆ. ನಾನು ಓದಿದ್ದು ಏಳನೇತ್ತೆ. ಈ ಕೆಲಸ ಕಲಿತದ್ದು ಮೋಟರ್ ರಿಪೇರಿಯವರ ಪಕ್ಕ ಕೂತು ನೋಡಿ.

ಹಳೇ ಫ್ಯಾನಿನ ಗುಣ ಏನೆಂದರೆ, ಬೀಡಿನ ಮೈ, ತಾಮ್ರದ ವೈಂಡಿಂಗು, ಸ್ಕ್ರೂ ತೆಗೆದರೆ ಪೂರಾ ಬಿಚ್ಚುತ್ತದೆ. ಸವೆದ ಭಾಗ ಬದಲಿಸಬಹುದು.

ಕೊಳ್ಳುವಾಗ

ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಚಿಂತೆಯಿಲ್ಲ, ಹಳೇ ಎಣ್ಣೆ ಅಂಟಾಗಿರುತ್ತದೆ. ಶಾಫ್ಟು ಅತ್ತಿತ್ತ ಅಲುಗಾಡಿದರೆ ಬುಷ್ಷು ಸವೆದಿದೆ, ಆ ಖರ್ಚು ಹಿಡಿದು ದರ ಮಾತಾಡಿ. ಮೂಸಿ ನೋಡಿ, ಸುಟ್ಟ ವಾಸನೆ ಬಂದರೆ ವೈಂಡಿಂಗು ಹೋಗಿದೆ. ರೆಕ್ಕೆಗಳು ಒಂದೇ ಜೋಡಿಯವು ಇರಬೇಕು. ಬೇರೆ ಫ್ಯಾನಿನದು ಸೇರಿಸಿದರೆ ತೂಕ ಹೆಚ್ಚುಕಡಿಮೆಯಾಗಿ ನಡುಗುತ್ತದೆ.

ಮೈಮೇಲಿನ ಫಲಕ ಓದಿರಿ. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ. ನಮಗೆ ಬರುವುದು ಎ.ಸಿ. ಕರೆಂಟು. ಆದರೆ ಕಲ್ಕತ್ತಾದ ಕೆಲವು ಭಾಗಗಳಲ್ಲಿ ಬಹಳ ವರ್ಷ ಡಿ.ಸಿ. ಕರೆಂಟು ಇತ್ತು. ಅಂಥ ಕಡೆಯ ಫ್ಯಾನಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ. ಫಲಕದಲ್ಲಿ ಡಿ.ಸಿ. ಎಂದಿದ್ದರೆ ನಮ್ಮ ಪ್ಲಗ್ಗಿಗೆ ಹಚ್ಚಲೇಬೇಡಿ, ಸುಟ್ಟು ಹೋದೀತು.

ಜೀವದ ಮಾತು ಮೊದಲು

ಹಳೇ ಫ್ಯಾನು ತಂದ ದಿನವೇ "ತಿರುಗುತ್ತದೋ ಇಲ್ಲೋ" ಎಂದು ಪ್ಲಗ್ಗಿಗೆ ಹಚ್ಚುವವರು ಬಹಳ. ಇದು ಅಪಾಯ. ಹಳೇ ವೈರಿನ ರಬ್ಬರು ಒಣಗಿ ಉದುರಿರುತ್ತದೆ, ಮೈ ಪೂರಾ ಕಬ್ಬಿಣ. ಕಣದಲ್ಲಿ ನಾವು ನಿಲ್ಲುವುದು ಬರಿಗಾಲಲ್ಲಿ.

ವೈರು ಪೂರಾ ಹೊಸದು ಹಾಕಿ. ಮೂರು ಪಿನ್ನಿನ ಪ್ಲಗ್ಗೇ ಬೇಕು, ಅರ್ತ್ ವೈರು ಮೈಗೆ ಸ್ಕ್ರೂ ಹಾಕಿ ಬಿಗಿಯಬೇಕು. ವೈಂಡಿಂಗಿಗೂ ಮೈಗೂ ನಡುವೆ ಮೆಗ್ಗರ್ ಹಚ್ಚಿಸಿ ನೋಡಿ. ಎರಡು ಮೆಗ್‌ಓಮ್‌ಗಿಂತ ಕಡಿಮೆ ತೋರಿಸಿದರೆ ನಾನು ಕರೆಂಟು ಕೊಡುವುದಿಲ್ಲ. ತಂಡಿ ಹಿಡಿದ ವೈಂಡಿಂಗಾದರೆ ನಾಕೈದು ದಿನ ಬಿಸಿಲಿಗೆ ಒಣಗಿಸಿ ಮತ್ತೆ ನೋಡುತ್ತೇನೆ. ಕಣಕ್ಕೆ ಒಯ್ಯುವ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದ್ದೇನೆ. ಕರೆಂಟು ಮೈಗೆ ಸೋರಿದರೆ ತಟ್ಟನೆ ಕಡಿಯುತ್ತದೆ.

ತಿರುಗದಿದ್ದರೆ

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಕೋಲಿನಿಂದ ದೂಡಿದರೆ ಓಡುತ್ತದೆ ಎಂದರೆ ಕೆಪಾಸಿಟರ್ ಸತ್ತಿದೆ. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್. ಹಳೆಯದರ ಮೇಲೆ ಬರೆದಷ್ಟೇ ತನ್ನಿ, ಹೆಚ್ಚಿನದು ಹಾಕಿದರೆ ವೈಂಡಿಂಗು ಕಾಯುತ್ತದೆ. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈಲಿ ಮುಟ್ಟಬಾರದು. ಬಿಚ್ಚುವ ಮೊದಲು ಯಾವ ಬಣ್ಣದ ವೈರು ಎಲ್ಲಿತ್ತೆಂದು ಚೀಟಿಯಲ್ಲಿ ಬರೆದಿಡಿ.

ಬುಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆ ಮಿಷನ್ನಿಗೆ ಹಾಕುವ ತೆಳು ಎಣ್ಣೆ ನಾಲ್ಕು ಹನಿ ಬಿಡಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ, ಅಂಟಾಗಿ ಹಿಡಿಯುತ್ತದೆ.

ರಿವೈಂಡಿಂಗು ಮಾಡಿಸುವಾಗ

ಪಟ್ಟಣದ ಒಂದು ಅಂಗಡಿಯವರು ನನ್ನಿಂದ ತಾಮ್ರದ ದರ ತಗೊಂಡು ಅಲ್ಯೂಮಿನಿಯಂ ತಂತಿ ಸುತ್ತಿ ಕೊಟ್ಟಿದ್ದರು. ಮೇಲಿನ ವಾರ್ನಿಶ್ ಕೆಂಪಗೇ ಇರುತ್ತದೆ, ಗೊತ್ತಾಗುವುದಿಲ್ಲ. ತಂತಿಯ ತುದಿ ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಹೊಳೆಯಿತು. ಈಗ ಸುತ್ತುವ ಮೊದಲೇ ತಂತಿ ಕೆರೆದು ನೋಡುತ್ತೇನೆ, ಹಳೇ ತಾಮ್ರವನ್ನು ತೂಗಿ ವಾಪಸು ಪಡೆಯುತ್ತೇನೆ. ಅದಕ್ಕೆ ಗುಜರಿಯಲ್ಲಿ ಒಳ್ಳೇ ದರ ಇದೆ.

ಬಣ್ಣ, ಹಿತ್ತಾಳೆ

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜಿದರೆ ಧೂಳು ಎದೆಗೆ ಹೋಗುತ್ತದೆ. ನೀರು ಹಚ್ಚಿ ವಾಟರ್ ಪೇಪರಿನಲ್ಲಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಹಿತ್ತಾಳೆ ರೆಕ್ಕೆಗೆ ಹುಣಸೆಹಣ್ಣು, ಉಪ್ಪು ಸಾಕು, ತೊಳೆದು ಕೂಡಲೇ ಒರೆಸಿ. ಕಂಪನಿಯ ಫಲಕದ ಮೇಲೆ ಮಾತ್ರ ಬಣ್ಣ ಬಳಿಯಬೇಡಿ. ಹಳೇ ಫ್ಯಾನು ಕೂಡಿಡುವವರು ಮೊದಲು ಅದನ್ನೇ ನೋಡುತ್ತಾರೆ.

ಎಲ್ಲಿಗೆ ಯಾವುದು

ಲೆಕ್ಕ ಸರಿಯಾಗಿ ಹಾಕೋಣ. 75 ವ್ಯಾಟಿನ ಹಳೇ ಸೀಲಿಂಗ್ ಫ್ಯಾನು ದಿನಕ್ಕೆ 10 ತಾಸು ಓಡಿದರೆ ತಿಂಗಳಿಗೆ 22.5 ಯೂನಿಟ್. ಈಗಿನ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 9 ಯೂನಿಟ್ ಮಾತ್ರ. ಆದ್ದರಿಂದ ದಿನಾ ಮಲಗುವ ಕೋಣೆಗೆ ಹೊಸದೇ ಲಾಭ. ವರ್ಷದಲ್ಲಿ ಹತ್ತು ಹದಿನೈದು ದಿನದ ರಾಶಿಗೆ, ಪಡಸಾಲೆಗೆ ಬಂದವರಿಗೆ ಹಳೆಯದು ಸಾಕು. ಹಳೇ ಸೀಲಿಂಗ್ ಫ್ಯಾನು ಭಾರ, ತೂಗುಹಾಕುವ ಮೊದಲು ಕೊಂಡಿಯ ಬೋಲ್ಟು, ಪಿನ್ನು ಹೊಸದು ಹಾಕಿ.

ಟೇಬಲ್ ಫ್ಯಾನಿನ ಹಳೇ ಜಾಲರಿಯ ಸಂದಿಯಲ್ಲಿ ಮಗುವಿನ ಕೈ ಹಿಡಿಸುತ್ತದೆ. ಮೇಲೊಂದು ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ. ತೂರುವಾಗ ಟವಲು, ಸೀರೆ ಸೆರಗು ಬಿಗಿಯಾಗಿ ಸುತ್ತಿಕೊಳ್ಳಿ. ರಾಶಿ ಮುಗಿದ ದಿನವೇ ಪ್ಲಗ್ಗು ತೆಗೆದು, ಮೋಟರಿನೊಳಗಿನ ಹೊಟ್ಟು, ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಹಾಗೇ ಬಿಟ್ಟರೆ ಗಾಳಿಯಾಡದೆ ಮೋಟರು ಕಾಯುತ್ತದೆ, ಮಾಡಿದ ರಿಪೇರಿಯೆಲ್ಲ ನೀರಿನಲ್ಲಿ ಹೋಮ.