ಪ್ರತಿಭೆಯ ಮರೆಯಲ್ಲಿ ಪೀಡನೆ

ಸಾಧಾರಣ ಹುಡುಗನೊಬ್ಬ ಕಿರಿಯನಿಗೆ ಹೊಡೆದರೆ ಮುಖ್ಯೋಪಾಧ್ಯಾಯರು ಅಂದೇ ಅವನ ತಂದೆಯನ್ನು ಕರೆಸುತ್ತಾರೆ. ಅದೇ ಕೆಲಸವನ್ನು ಶಾಲೆಗೆ ಪದಕ ತರುವ ಹುಡುಗ ಮಾಡಿದರೆ? ಆಗ ಅದು ಮಕ್ಕಳಾಟವಾಗಿಬಿಡುತ್ತದೆ. ಜಪಾನಿನಲ್ಲಿ 2025ರಲ್ಲಿ ನಡೆದ ಒಂದು ಪ್ರಕರಣವನ್ನು ಹೆತ್ತವರೂ ಅಧ್ಯಾಪಕರೂ ಗಮನಿಸಬೇಕು.

ಅಲ್ಲಿ ಪ್ರತಿವರ್ಷ ಆಗಸ್ಟ್‌ನಲ್ಲಿ ಕೋಶಿಯೆನ್ ಕ್ರೀಡಾಂಗಣದಲ್ಲಿ ಪ್ರೌಢಶಾಲೆಗಳ ಬೇಸ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. 1915ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ದೇಶಕ್ಕೆ ದೇಶವೇ ಟಿ.ವಿ.ಯಲ್ಲಿ ನೋಡುತ್ತದೆ. ಅಲ್ಲಿಗೆ ತಲುಪುವುದೇ ಶಾಲೆಗೊಂದು ಕೀರ್ತಿ. ಆದ್ದರಿಂದ ಹಲವು ಖಾಸಗಿ ಶಾಲೆಗಳು ದೂರದೂರುಗಳಿಂದ ಪ್ರತಿಭಾವಂತ ಹುಡುಗರನ್ನು ಆರಿಸಿ ತಂದು ಹಾಸ್ಟೆಲಿನಲ್ಲಿಟ್ಟು ತರಬೇತಿ ನೀಡುತ್ತವೆ. ಹಿರಿಯ ಆಟಗಾರನ ಮಾತೇ ಅಲ್ಲಿ ಕಾನೂನು. ರ‍್ಯಾಗಿಂಗ್ ಏನೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹಿರೋಶಿಮಾದ ಕೋರ್ಯೊ ಇಂತಹ ಹೆಸರಾಂತ ಶಾಲೆ. 2025ರ ಜನವರಿಯಲ್ಲಿ ಮೊದಲ ವರ್ಷದ ಹುಡುಗನೊಬ್ಬ ಹಾಸ್ಟೆಲಿನಲ್ಲಿ ನಿಷೇಧಿತವಾಗಿದ್ದ ಕಪ್ ನೂಡಲ್ಸ್ ತಿಂದ. ಅಷ್ಟಕ್ಕೇ ಎರಡನೇ ವರ್ಷದ ನಾಲ್ವರು ಅವನನ್ನು ಹೊಡೆದರು. ಶಾಲೆ ಬೇಸ್‌ಬಾಲ್ ಒಕ್ಕೂಟಕ್ಕೆ ವರದಿ ಕಳುಹಿಸಿತು. ಒಕ್ಕೂಟ ಮಾರ್ಚ್‌ನಲ್ಲಿ ಕಟು ಎಚ್ಚರಿಕೆ ಕೊಟ್ಟಿತು. ನಾಲ್ವರೂ ಒಂದು ತಿಂಗಳು ಅಧಿಕೃತ ಪಂದ್ಯಗಳಲ್ಲಿ ಆಡುವಂತಿಲ್ಲ ಎಂದಾಯಿತು. ನಿಯಮದ ಪ್ರಕಾರ ಇದನ್ನು ಪ್ರಕಟಿಸಲಿಲ್ಲ. ಅದೇ ಮಾರ್ಚ್ ಕೊನೆಗೆ ಶಾಲೆ ಬಿಟ್ಟು ಹೋದವನು ಯಾರು? ಪೆಟ್ಟು ತಿಂದ ಹುಡುಗ!

ಆಗಸ್ಟ್‌ನಲ್ಲಿ ಸುದ್ದಿ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು, ಹಳೆಯ ಇನ್ನೊಂದು ಆರೋಪವೂ ಎದ್ದಿತು. 7ರಂದು ತಂಡ ಮೊದಲ ಪಂದ್ಯ ಗೆದ್ದಿತು. 10ರಂದು ಶಾಲೆಯು ತಂಡವನ್ನೇ ಪಂದ್ಯಾವಳಿಯಿಂದ ಹಿಂತೆಗೆದುಕೊಂಡಿತು.

ಈ ನಿರ್ಧಾರವನ್ನು ಹೊಗಳಿದವರಿದ್ದಾರೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಯಾರಿಗೂ ಕೈಯೆತ್ತದ ಹುಡುಗರೂ ಮನೆಗೆ ಮರಳಬೇಕಾಯಿತು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲವೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಸಾಮೂಹಿಕ ಶಿಕ್ಷೆಯಿಂದ ಇನ್ನೊಂದು ಅಪಾಯವೂ ಇದೆ. ನಾಳೆ ಮತ್ತೊಬ್ಬ ಹುಡುಗ ಪೆಟ್ಟು ತಿಂದರೆ, 'ನೀನು ಬಾಯಿಬಿಟ್ಟರೆ ನಮ್ಮೆಲ್ಲರ ಆಟ ಮುಗಿಯಿತು' ಎಂದು ಗೆಳೆಯರೇ ಅವನ ಬಾಯಿ ಕಟ್ಟುತ್ತಾರೆ. ಜನವರಿಯಲ್ಲೇ ತಪ್ಪಿತಸ್ಥರ ವಿಷಯದಲ್ಲಿ ಬಿಗಿಯಾಗಿದ್ದರೆ ಆಗಸ್ಟ್‌ನ ಈ ಪ್ರಸಂಗ ಬರುತ್ತಿತ್ತೆ?

ಒಸಾಕಾದ ಪಿ.ಎಲ್. ಗಾಕುಯೆನ್ ಶಾಲೆಯದೂ ಇದೇ ಕಥೆ. ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತಂಡವದು. 2013ರಲ್ಲಿ ಕಿರಿಯನ ಮೇಲಿನ ಹಲ್ಲೆಗಾಗಿ ಆರು ತಿಂಗಳು ನಿಷೇಧಕ್ಕೊಳಗಾಯಿತು. 2016ರಲ್ಲಿ ಕೊನೆಯ ಪಂದ್ಯವಾಡಿತು.

ಮಖ್ಝೂಮ್ ಗೋತ್ರದ ಸ್ತ್ರೀಯೊಬ್ಬಳು ಕಳವು ಮಾಡಿದಾಗ ಅವಳ ಪರವಾಗಿ ಉಸಾಮಾ(ರ)ರ ಮೂಲಕ ಶಿಫಾರಸು ಬಂದ ಘಟನೆ ಓದುಗರಿಗೆ ತಿಳಿದದ್ದೇ. ಗಣ್ಯರನ್ನು ಬಿಟ್ಟು ದುರ್ಬಲರನ್ನು ಶಿಕ್ಷಿಸಿದ್ದೇ ಹಿಂದಿನ ಜನಾಂಗಗಳ ವಿನಾಶಕ್ಕೆ ಕಾರಣವೆಂದು ಪ್ರವಾದಿ(ಸ)ರವರು ಎಚ್ಚರಿಸಿದರು. ಶಾಲೆಯೊಳಗಿನ ಗಣ್ಯನೆಂದರೆ ರ‍್ಯಾಂಕ್ ವಿದ್ಯಾರ್ಥಿ, ತಂಡದ ನಾಯಕ. ಅವನ ಪರವಾಗಿ ಶಿಫಾರಸಿಗೆ ಬರುವವರು ಕೆಲವೊಮ್ಮೆ ಅಧ್ಯಾಪಕರೇ.

ಓತ್ಸು ನಗರದಲ್ಲಿ 2011ರಲ್ಲಿ ಪೀಡನೆಗೊಳಗಾದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ ನಂತರ, 2013ರಲ್ಲಿ ಜಪಾನ್ ಪೀಡನೆ ತಡೆ ಕಾನೂನು ಮಾಡಿತು. ಆ ಕಾನೂನು ಪೀಡನೆಯನ್ನು ಅಳೆಯುವುದು ನೋವುಂಡವನ ನೋವಿನಿಂದ. ಗಂಭೀರ ಪ್ರಕರಣಗಳಲ್ಲಿ ತನಿಖೆ ಕಡ್ಡಾಯ. ಆದರೆ ಕೋರ್ಯೊದಲ್ಲಿ ಕಂಡಂತೆ, ಕಾನೂನಿದ್ದ ಮಾತ್ರಕ್ಕೆ ಹುಡುಗನಿಗೆ ರಕ್ಷಣೆ ಸಿಗಲಿಲ್ಲ. ದೂರನ್ನು ತರಬೇತುದಾರನ ಕೈಗೆ ಬಿಡದೆ ತಂಡದ ಗೆಲುವು ಸೋಲಿನ ಹಂಗಿಲ್ಲದವರು ವಿಚಾರಿಸಬೇಕು. ಹಾಸ್ಟೆಲು ಬಿಡಬೇಕಾದವನು ಹೊಡೆದವನು. ಮಗನನ್ನು ಹಾಸ್ಟೆಲಿಗೆ ಸೇರಿಸುವ ತಂದೆ ಶುಲ್ಕ ವಿಚಾರಿಸುವಾಗಲೇ ಇದನ್ನೂ ಕೇಳಲಿ: ಕಳೆದ ಬಾರಿ ಇಂತಹ ದೂರು ಬಂದಾಗ ಇಲ್ಲಿಂದ ಹೊರಟುಹೋದವರು ಯಾರು?