ಕೂಡ್ಲಿಗಿ ಬಿಸಿಲಿಗೆ ಸಣ್ಣ ವಿಮಾನ ಯಾಕೆ ಸುಸ್ತಾಗುತ್ತೆ?

ಎಲೆಕ್ಷನ್ ಬಂದ್ರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮೈದಾನಕ್ಕೆ ಹೆಲಿಕಾಪ್ಟರ್ ಇಳಿಯುತ್ತೆ. ಧೂಳು ತಿಂದ್ಕೊಂಡು ಅದನ್ನ ನೋಡೋಕೆ ಓಡಿದವರೇ ನಾವೆಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮಾತ್ರ ಗುಡಿ ಮೇಲೆ ಹಾರಬಾರದು ಅನ್ನೋ ನಂಬಿಕೆ ಇದೆ, ಡಿ.ಕೆ. ಶಿವಕುಮಾರ್ ಅವರು ಅಲ್ಲಿಗೆ ಬೆಳ್ಳಿ ಹೆಲಿಕಾಪ್ಟರ್ ಒಪ್ಪಿಸಿದ್ದು ಪೇಪರ್‌ನಲ್ಲೂ ಬಂದಿತ್ತು. ಆದ್ರೆ ರೆಕ್ಕೆ ಇರೋ ಸಣ್ಣ ವಿಮಾನವನ್ನ ಹತ್ತಿರದಿಂದ ನೋಡಿದವರು ನಮ್ಮಲ್ಲಿ ಕಡಿಮೆ. ಸುತ್ತಮುತ್ತ ಇರೋದು ತೋರಣಗಲ್ಲಿನ ಜಿಂದಾಲ್ ಏರ್‌ಪೋರ್ಟ್ ಮತ್ತು ಕೊಪ್ಪಳದ ಬಳಿ ಬಲ್ದೋಟ ಕಂಪನಿಯ ರನ್‌ವೇ. ಎರಡೂ ಖಾಸಗಿ.

ನಮ್ಮ ದೇಶದಲ್ಲಿ ಸಣ್ಣ ವಿಮಾನಗಳಿಗೆ ಹೆಚ್ಚು ಕೆಲಸ ಪೈಲಟ್ ತರಬೇತಿಯಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯೇ ಇದೆ. ಸೆಸ್ನಾ 172 ತಗೊಳ್ಳಿ: ನಾಲ್ಕು ಸೀಟು, 180 ಹಾರ್ಸ್‌ಪವರ್, ಒಂದು ಮ್ಯಾಗ್ನೆಟೊ ಕೈಕೊಟ್ರೆ ಇರಲಿ ಅಂತ ಎರಡು ಮ್ಯಾಗ್ನೆಟೊ. ಟರ್ಬೋ ಇಲ್ಲ. ವಿಷಯ ಇರೋದೇ ಇಲ್ಲಿ.

ಬಿಸಿ ಗಾಳಿ ತೆಳು. ಎಂಜಿನ್‌ಗೆ ಸಿಗೋ ಆಕ್ಸಿಜನ್ ಕಡಿಮೆ, ಪ್ರೊಪೆಲ್ಲರ್‌ಗೆ ತಳ್ಳೋಕೆ ಗಾಳಿ ಕಡಿಮೆ, ರೆಕ್ಕೆಗೂ ಅಷ್ಟೇ. ಲೆಕ್ಕ ಹಾಕೋಣ. ಕೂಡ್ಲಿಗಿ ಎತ್ತರ ಅಂದಾಜು 2,000 ಅಡಿ. ಸ್ಟ್ಯಾಂಡರ್ಡ್ ಪ್ರಕಾರ ಅಲ್ಲಿ 11 ಡಿಗ್ರಿ ಇರಬೇಕು (ಯಾವ ಕೂಡ್ಲಿಗಿಯಪ್ಪಾ ಅದು!). ಏಪ್ರಿಲ್ ಮಧ್ಯಾಹ್ನ 40 ಅಂದುಕೊಳ್ಳಿ. ಹೆಚ್ಚುವರಿ 29 ಡಿಗ್ರಿ. ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿದ್ರೆ ಸುಮಾರು 3,500. ಒಟ್ಟು 5,500 ಅಡಿ. ಅಂದ್ರೆ ನೆಲದ ಮೇಲೆ ನಿಂತಿರೋ ವಿಮಾನಕ್ಕೆ ತಾನು ನಂದಿಬೆಟ್ಟದ ತುದಿಗಿಂತ ಮೇಲಿದ್ದೀನಿ ಅನ್ನಿಸುತ್ತೆ! ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅಂತಾರೆ. ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಪವರ್ ಹೋಗುತ್ತೆ, ಹಾಗಾಗಿ ನಮ್ಮ 180 ಈಗ ಹೆಚ್ಚುಕಮ್ಮಿ 150.

ಇನ್ನೊಂದು ಮೋಸ ಇದೆ. ಸ್ಪೀಡ್ ತೋರಿಸೋ ಮೀಟರ್ ಪಿಟೋ ಟ್ಯೂಬ್‌ನ ಒತ್ತಡ ನೋಡಿ ಹೇಳುತ್ತೆ. ಸೂಜಿ 55 ನಾಟ್ ತೋರಿಸುವಾಗ ವಿಮಾನ ನಿಜಕ್ಕೂ 60ರ ಹತ್ತಿರ ಓಡ್ತಿರುತ್ತೆ. ಪವರ್ ಕಡಿಮೆ, ಓಡಬೇಕಾದ ವೇಗ ಜಾಸ್ತಿ. ಹಾಗಾಗಿ ರನ್‌ವೇ ಉದ್ದ ಬೇಕು, ಮೇಲೆ ಹತ್ತೋದು ನಿಧಾನ.

ನಟಿ ಸೌಂದರ್ಯ ತೀರಿಕೊಂಡಿದ್ದು 2004ರ ಏಪ್ರಿಲ್ 17ರಂದು, ಜಕ್ಕೂರಿನಿಂದ ಹೊರಟ ಸೆಸ್ನಾ 180ರಲ್ಲಿ. ಮೇಲೇರಿದ ಸ್ವಲ್ಪ ಹೊತ್ತಿಗೇ ಅದು ಬಿತ್ತು, ನಾಲ್ವರೂ ಉಳಿಯಲಿಲ್ಲ. ಅದಕ್ಕೆ ಈ ಬಿಸಿಲೇ ಕಾರಣ ಅಂತ ನಾವು ಹೇಳ್ತಿಲ್ಲ. ಆದ್ರೆ ಟೇಕಾಫ್ ಆದ ಆ ಮೊದಲ ನಿಮಿಷದಲ್ಲಿ ಕೆಳಗೆ ಎತ್ತರ ಇರಲ್ಲ, ತಪ್ಪು ತಿದ್ದೋಕೆ ಟೈಮೂ ಇರಲ್ಲ. ಅದಕ್ಕೇ ಪೈಲಟ್‌ಗಳು ತೂಕ, ತಾಪಮಾನ, ರನ್‌ವೇ ಉದ್ದ ಎಲ್ಲವನ್ನೂ ಮ್ಯಾನುಯಲ್‌ನ ಚಾರ್ಟ್‌ನಲ್ಲಿ ನೋಡಿಯೇ ಹೊರಡಬೇಕು. ಬೆಂಗಳೂರಿನ ಎನ್‌ಎಎಲ್ ಮಾಡಿದ ಎರಡು ಸೀಟಿನ ಹಂಸ-3ಕ್ಕೆ ಟರ್ಬೋ ಇರೋ ರೋಟ್ಯಾಕ್ಸ್ 914 ಹಾಕಿದ್ರು. ಅದರಿಂದ ಎಂಜಿನ್ ಉಸಿರು ಸರಿಹೋಗುತ್ತೆ, ರೆಕ್ಕೆಯ ಕಷ್ಟ ಹಾಗೇ ಉಳಿಯುತ್ತೆ.

ಈಗ ನೀವು ಮಾಡಿ: ಅದೇ ಕೂಡ್ಲಿಗಿ, ಬೆಳಗ್ಗೆ 6 ಗಂಟೆ, 22 ಡಿಗ್ರಿ. ಉತ್ತರ 3,300 ಅಡಿ ಸುತ್ತ ಬರಬೇಕು.