ಸೋಲನ್ನೂ ಬರೆದಿಟ್ಟ ವೈದ್ಯ: ಯಕೃತ್ತಿನ ಕಸಿಯಿಂದ ಒಂದು ಪಾಠ

ವಿದ್ಯಾರ್ಥಿಗಳೇ, ಪ್ರಯೋಗದಲ್ಲಿ ಉತ್ತರ ತಪ್ಪು ಬಂದರೆ ಏನು ಮಾಡ್ತೀರಿ? ಬಹಳ ಜನ ರಬ್ಬರ್ ತಗೊಂಡು ಅಳಿಸಿ, ಪುಸ್ತಕದಲ್ಲಿರೋ ಉತ್ತರ ಬರೀತಾರೆ. ವಿಜ್ಞಾನಿಗಳು ಹಾಗೆ ಅಳಿಸಿದ್ದರೆ ಇವತ್ತು ಯಕೃತ್ತಿನ ಕಸಿ ಅನ್ನೋದೇ ಇರುತ್ತಿರಲಿಲ್ಲ.

ಯಕೃತ್ತು (ಲಿವರ್) ಹೊಟ್ಟೆಯ ಬಲ ಮೇಲ್ಭಾಗದಲ್ಲಿದೆ. ದೊಡ್ಡವರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ಪಿತ್ತರಸ ತಯಾರಿಸುವುದು, ಸಕ್ಕರೆ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಮಾಡುವುದು, ವಿಷವಸ್ತುಗಳನ್ನು ಬದಲಾಯಿಸಿ ಹೊರಹಾಕಲು ಸಜ್ಜು ಮಾಡುವುದು ಇದರ ಕೆಲಸ. ಕಿಡ್ನಿಗೆ ಡಯಾಲಿಸಿಸ್ ಇದೆ. ಆದರೆ ಯಕೃತ್ತು ಪೂರ್ತಿ ಕೆಟ್ಟರೆ ವರ್ಷಗಟ್ಟಲೆ ಅದರ ಕೆಲಸ ಮಾಡುವ ಯಂತ್ರ ಇಲ್ಲ. ಅದಕ್ಕೇ ಕಸಿ ಬೇಕು.

ಮೊದಲ ಪ್ರಯತ್ನ

1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್‌ನಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಬಾರಿ ಯಕೃತ್ತಿನ ಕಸಿ ಮಾಡಲು ಪ್ರಯತ್ನಿಸಿದರು. ರೋಗಿ ಮೂರು ವರ್ಷದ ಮಗು. ರಕ್ತಸ್ರಾವ ನಿಲ್ಲದೆ ಮಗು ಶಸ್ತ್ರಚಿಕಿತ್ಸೆಯಲ್ಲೇ ತೀರಿಕೊಂಡಿತು. ಮುಂದಿನ ಇಬ್ಬರು ರೋಗಿಗಳೂ ಒಂದು ತಿಂಗಳು ಕೂಡ ಬದುಕಲಿಲ್ಲ.

ಸ್ಟಾರ್ಜಲ್ ಇದನ್ನು ಮುಚ್ಚಿಡಲಿಲ್ಲ. ಅದೇ ವರ್ಷ ಮೂವರ ಕಥೆಯನ್ನೂ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲಿ ಎಡವಿದ್ದು, ಯಾಕೆ ಎಡವಿದ್ದು ಅಂತ ಜಗತ್ತಿನ ವೈದ್ಯರೆಲ್ಲ ಓದಿದರು. ನಂತರ ಅವರು ಕೆಲವು ವರ್ಷ ಕಸಿ ನಿಲ್ಲಿಸಿ, ಪ್ರಾಣಿಗಳ ಮೇಲೆ ಅಧ್ಯಯನ ಮುಂದುವರಿಸಿದರು. 1967ರಲ್ಲಿ ಕಸಿ ಪಡೆದ ಒಂದು ಮಗು ವರ್ಷಕ್ಕೂ ಹೆಚ್ಚು ಕಾಲ ಬದುಕಿತು.

ಇನ್ನೊಂದು ತೊಡಕಿತ್ತು. ನಮ್ಮ ದೇಹ ಬೇರೆಯವರ ಅಂಗವನ್ನು ಶತ್ರು ಅಂತ ತಿಳಿದು ದಾಳಿ ಮಾಡುತ್ತದೆ. ಈ ದಾಳಿ ತಗ್ಗಿಸುವ ಸೈಕ್ಲೋಸ್ಪೋರಿನ್ ಎಂಬ ಔಷಧ ಸಿಕ್ಕಿದ್ದು ಮಣ್ಣಿನ ಶಿಲೀಂಧ್ರದಿಂದ! ಇದು ಬಂದ ಮೇಲೆ ಬದುಕುಳಿಯುವವರ ಸಂಖ್ಯೆ ಬಹಳ ಏರಿತು. ಭಾರತದಲ್ಲಿ 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. 1998ರಲ್ಲಿ ದೆಹಲಿಯಲ್ಲಿ ಒಂದು ಮಗುವಿಗೆ ಮಾಡಿದ ಕಸಿ ಯಶಸ್ವಿಯಾಯಿತು.

ಪ್ರಕಟಣೆಗಳ ಪಟ್ಟಿ ಯಾಕೆ?

ಸ್ಟಾರ್ಜಲ್ ಅವರ ಪ್ರಕಟಿತ ಲೇಖನಗಳು 2,000ಕ್ಕೂ ಹೆಚ್ಚು. ಆದರೆ ಎಣಿಕೆಯೊಂದೇ ಮುಖ್ಯ ಅಲ್ಲ. ಲೇಖನ ಅಚ್ಚಾಗುವ ಮೊದಲು ಅದೇ ವಿಷಯದ ಬೇರೆ ತಜ್ಞರು ಅದನ್ನು ಪರಿಶೀಲಿಸುತ್ತಾರೆ. ಅಚ್ಚಾದ ಮೇಲೆ ಬೇರೆಯವರು ಅದನ್ನು ಪರೀಕ್ಷಿಸಿ ತಮ್ಮ ಲೇಖನದಲ್ಲಿ ಹೆಸರಿಸಬಹುದು. ಇದಕ್ಕೆ ಉಲ್ಲೇಖ ಅಂತಾರೆ. ಅಂದ್ರೆ ಈ ಪಟ್ಟಿ ಬರೀ ಬಿರುದುಗಳ ಸಾಲಲ್ಲ, ಎಲ್ಲರೂ ತೆರೆದು ನೋಡಬಹುದಾದ ಲೆಕ್ಕದ ಪುಸ್ತಕ.

ಈ ದಾರಿ ನಮ್ಮಿಂದ ದೂರ ಇಲ್ಲ. ಜೀರ್ಣಾಂಗ ರೋಗಗಳ ಸಂಶೋಧನೆಗೆ ಹೆಸರಾದ, 2025ರಲ್ಲಿ ಪದ್ಮವಿಭೂಷಣ ಪಡೆದ ಡಾ. ಡಿ. ನಾಗೇಶ್ವರ ರೆಡ್ಡಿ ಎಂ.ಬಿ.ಬಿ.ಎಸ್. ಓದಿದ್ದು ನಮ್ಮ ಕರ್ನೂಲು ವೈದ್ಯಕೀಯ ಕಾಲೇಜಿನಲ್ಲೇ.

ನಮ್ಮೂರಿನ ಕಾಮಣಿ

ಈಗ ನಮ್ಮ ಹಾಲಹರವಿ ಕಡೆ ಬರೋಣ. ಕಾಮಣಿ (ಕಾಮಾಲೆ) ಬಂದರೆ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗೋದು ನಾಟಿ ಔಷಧ. “ನೂರು ಜನಕ್ಕೆ ಗುಣ ಆಗೈತಿ” ಅಂತಾರೆ. ಗುಣ ಆಗದವರು ಎಷ್ಟು ಜನ? ಆ ಲೆಕ್ಕ ಯಾರೂ ಬರೆದಿಟ್ಟಿರೋದಿಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಆಗ ಹೆಸರು ಬರೋದು ಔಷಧಕ್ಕೆ. ಆದರೆ ಬಿ ಮತ್ತು ಸಿ ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಕೆಡಿಸಬಹುದು. ಯಾವ ಕಾಮಣಿ ಅಂತ ರಕ್ತ ಪರೀಕ್ಷೆಯಿಂದಲೇ ಗೊತ್ತಾಗೋದು. ಹಾಗಾಗಿ ಮೊದಲು ಆಸ್ಪತ್ರೆಗೆ ಹೋಗಬೇಕು. ರೋಗಿ ತಡವರಿಸಿ ಮಾತಾಡಿದರೆ, ಮಂಪರು ಬಂದರೆ, ರಕ್ತ ವಾಂತಿಯಾದರೆ ಒಂದು ಗಳಿಗೆಯೂ ಕಾಯಬಾರದು. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಹೆಚ್ಚು ಅಪಾಯ. ಹೆಪಟೈಟಿಸ್ ಬಿಗೆ ಲಸಿಕೆ ಇದೆ.

ಲೆಕ್ಕ ಮಾಡಿ ನೋಡಿ (ಕಾಲ್ಪನಿಕ ಅಂಕಿಗಳು)

ಒಂದೇ ಬಗೆಯ ಕಾಮಾಲೆ ಇರುವ 100 ಜನರಿದ್ದಾರೆ. ಔಷಧ ತಗೊಂಡ 50 ಜನರಲ್ಲಿ 46 ಜನ ಗುಣವಾದರು. ತಗೊಳ್ಳದ 50 ಜನರಲ್ಲೂ 46 ಜನ ಗುಣವಾದರು.

1. ಔಷಧದಿಂದ ಪ್ರಯೋಜನ ಆಯಿತು ಅನ್ನಬಹುದೇ?
2. “46 ಜನಕ್ಕೆ ಗುಣವಾಯಿತು” ಅಂತಷ್ಟೇ ಹೇಳಿದರೆ ಯಾವ ಮಾಹಿತಿ ಮುಚ್ಚಿಹೋಗುತ್ತದೆ?
3. ನಿಮ್ಮ ಮುಂದಿನ ಪ್ರಯೋಗದಲ್ಲಿ ಉತ್ತರ ತಪ್ಪು ಬಂದರೆ ಅಳಿಸಬೇಡಿ. ಪಕ್ಕದಲ್ಲಿ ಕಾರಣ ಬರೆದು ಶಿಕ್ಷಕರಿಗೆ ತೋರಿಸಿ.